ಡೈಸಿಗೆ ಹುರುಳಿ

ಲಿಯಾಂಡರ್ ಊರಿನ ಹೊನ್ನಮ್ಮನ ಮನೆಗೆ ಹೋಗಿ ಹಸಿದ ಹೊಟ್ಟೆಯಲ್ಲಿ ವಾಪಸು ಬಂದವರು ಇನ್ನೂ ಹುಟ್ಟಿಲ್ಲ. ಪಾರ್ಸೆಲ್ ತಂದವನ ಕೈಗೆ ಕೋಡುಬಳೆ, ಹಿತ್ತಲ ಹುಲ್ಲು ಕತ್ತರಿಸಲು ಬಂದವನಿಗೆ ಚಿತ್ರಾನ್ನ. ಆಸ್ಟಿನ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ಅವಳ ಕೆಲಸ, ಉಣ್ಣಿಸುವುದು ಅವಳ ಚಟ. ಗಂಡ ಪ್ರತಾಪನ ಹೊಟ್ಟೆಯನ್ನು ನೋಡಿದರೆ ಸಾಕ್ಷಿ ಬೇರೆ ಬೇಕಿಲ್ಲ.

ಮಗಳು ತನ್ವಿ ಕುದುರೆ ಸವಾರಿ ಕಲಿತು, ಹಟ ಹಿಡಿದು, ಕೊನೆಗೆ ಡೈಸಿ ಎಂಬ ಕಂದು ಹೆಣ್ಣು ಕುದುರೆಯನ್ನು ಕೊಡಿಸಿಕೊಂಡಾಗ ಮಗಳಿಗಿಂತ ತಾಯಿಯೇ ಹೆಚ್ಚು ಹಿಗ್ಗಿದಳು. ಹಿಗ್ಗದೆ ಏನು? ಹೊನ್ನಮ್ಮನ ತಾತ ಮೈಸೂರಿನಲ್ಲಿ ಜಟಕಾ ಓಡಿಸಿದವರು. ಕುದುರೆಯ ಮುಂದೆ ಹುರುಳಿಯ ಬಾಂಡಲಿ ಇಟ್ಟ ಮೇಲೆಯೇ ಅವರು ತಾವು ತಟ್ಟೆಯ ಮುಂದೆ ಕೂರುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಊರಾಚೆಯ ಲಾಯದಲ್ಲಿ ಡೈಸಿಯನ್ನು ಮೊದಲ ಸಲ ನೋಡಿದಾಗ ಹೊನ್ನಮ್ಮನ ಕಣ್ಣು ನೇರ ಪಕ್ಕೆಗೆ ಹೋಯಿತು. ಸವರಿದರೆ ಎಲುಬು ಕೈಗೆ ಸಿಗುತ್ತಿತ್ತು. "ಹಾಗೆ ಸಿಗಬೇಕು, ಅದೇ ಸರಿಯಾದ ತೂಕ" ಎಂದು ಲಾಯದ ಒಡತಿ ಕ್ಯಾರಲ್ ಹೇಳಿದಳು. ಹೊನ್ನಮ್ಮ ನಂಬಲಿಲ್ಲ. ಸಾಕಿದ ಪ್ರಾಣಿಯ ಎಲುಬು ಕೈಗೆ ಸಿಕ್ಕಿದರೆ ಸಾಕಿದವರ ಮಾನ ಹೋದಂತೆ ಎಂಬ ಮನೆಯಿಂದ ಬಂದವಳು ಅವಳು.

"ಪಾಪ, ಬರೀ ಒಣಹುಲ್ಲು ಹಾಕ್ತಾರೆ ಕಣ್ರೀ. ಬಾಣಂತಿಗೆ ಬರೀ ಗಂಜಿ ಕೊಟ್ಟ ಹಾಗೆ," ಎಂದಳು ಗಂಡನಿಗೆ.

"ಅದೇನು ಹೆತ್ತಿಲ್ವಲ್ಲೇ," ಎಂದ ಪ್ರತಾಪ.

ಇಂಡಿಯನ್ ಅಂಗಡಿಯಿಂದ ಹುರುಳಿಕಾಳಿನ ಮೂಟೆ ಬಂತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಬೆಲ್ಲ ಹಾಕಿ ಮಸೆದು, ಆಫೀಸಿಗೆ ಹೋಗುವ ದಾರಿಯಲ್ಲಿ ಲಾಯಕ್ಕೆ ಹೋಗಿ ತಿನ್ನಿಸಿ ಬರುವುದು ಅವಳ ದಿನಚರಿಯಾಯಿತು. ಭಾನುವಾರ ಕುದುರೆ ನೋಡಲು ಬರುವ ಕನ್ನಡದವರಿಗೂ ಅವಳದೇ ಅಪ್ಪಣೆ: ಬರಿಗೈಯಲ್ಲಿ ಬರಬಾರದು. ಬಾಳೆಹಣ್ಣು, ಚಪಾತಿ, ಯುಗಾದಿಯಲ್ಲಿ ಉಳಿದ ಹೋಳಿಗೆ, ಎಲ್ಲವೂ ಡೈಸಿಯ ಹೊಟ್ಟೆ ಸೇರಿದವು. ಕ್ಯಾರಲ್ ಎರಡು ಸಲ ಬೇಡವೆಂದಳು. ಹೊನ್ನಮ್ಮ ನಕ್ಕು ಅವಳ ಕೈಗೂ ಒಂದು ಹೋಳಿಗೆ ಇಟ್ಟಳು.

ಡೈಸಿಯ ಮೈ ತುಂಬಿತು, ಕತ್ತಿನ ಮೇಲೆ ದಿಂಡು ಕಟ್ಟಿತು, ಜೀನಿನ ಪಟ್ಟಿ ಹೊಟ್ಟೆಗೆ ಸಾಲದಾಯಿತು. ಹೊನ್ನಮ್ಮ ಫೋಟೋ ತೆಗೆದು ಮೈಸೂರಿನ ನೆಂಟರಿಗೆಲ್ಲ ಕಳಿಸಿದಳು. ಆದರೆ ಸಾಧು ಎಂದು ಹೆಸರು ಪಡೆದಿದ್ದ ಕುದುರೆ ಈಗ ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರಿಗೂ ಬೆಚ್ಚುತ್ತಿತ್ತು. ಹೊನ್ನಮ್ಮನ ಕಾರಿನ ಸದ್ದಿಗೆ ಬಾಗಿಲನ್ನು ಒದೆಯುತ್ತಿತ್ತು. ಒಮ್ಮೆ ಬಟ್ಟಲು ತಡವಾಯಿತೆಂದು ಅವಳ ತೋಳನ್ನೇ ಕಚ್ಚಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಇರಬೇಕು. ಮರುವಾರ ಸುಮ್ಮನೆ ಪಕ್ಕಕ್ಕೆ ಹಾರಿ ತನ್ವಿಯನ್ನು ಸವಾರಿ ಅಂಗಳದ ಮರಳಿಗೆ ಕೆಡವಿತು.

"ಅಮ್ಮಾ, ಇಟ್ಸ್ ಯುವರ್ ಫುಡ್!" ಎಂದು ಕಿರುಚಿದಳು ಮಗಳು, ಮೈ ಕೊಡವುತ್ತಾ.

"ಸುಮ್ನಿರು. ಹೊಟ್ಟೆ ತುಂಬಿದ ಕುದುರೆ ಚುರುಕಾಗಿರುತ್ತೆ."

"ಚುರುಕಲ್ಲ ಕಣೇ," ಎಂದ ಪ್ರತಾಪ, "ತಿಂದು ಕೊಬ್ಬಿದೆ."

ಒಂದು ಬೆಳಿಗ್ಗೆ ಡೈಸಿ ಬಟ್ಟಲಿನ ಹತ್ತಿರ ಬರಲೇ ಇಲ್ಲ. ಮುಂಗಾಲುಗಳನ್ನು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಬಿಟ್ಟು ನಡುಗುತ್ತಾ ನಿಂತಿತ್ತು. ಗೊರಸು ಮುಟ್ಟಿದರೆ ಸುಡುತ್ತಿತ್ತು.

ಪಶುವೈದ್ಯೆ ಬಂದಳು. ಕಾಳು ಮತ್ತು ಸಿಹಿ ಮಿತಿಮೀರಿ ಗೊರಸಿನೊಳಗೆ ಉರಿಯೂತವಾಗಿದೆ, ಹೀಗೇ ಬಿಟ್ಟರೆ ಒಳಗಿನ ಎಲುಬು ಕುಸಿಯುತ್ತದೆ ಎಂದಳು. ಆಮೇಲೆ ಕೇಳಿದಳು, ಇದಕ್ಕೆ ಕೆಲಸ ಎಷ್ಟು?

"ಭಾನುವಾರ ಅರ್ಧ ಗಂಟೆ," ಎಂದಳು ಹೊನ್ನಮ್ಮ. ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ತಾತನ ಕುದುರೆ ಬೆಳಗಿನಿಂದ ಸಂಜೆಯವರೆಗೆ ಸ್ಟೇಷನ್ನಿಗೂ ಮಾರ್ಕೆಟ್ಟಿಗೂ ಜನರನ್ನು ಎಳೆಯುತ್ತಿತ್ತು. ತಿಂದ ಹುರುಳಿಯೆಲ್ಲ ಬೆವರಾಗಿ ರಸ್ತೆಗೆ ಇಳಿಯುತ್ತಿತ್ತು. ತಾತನ ಬಾಂಡಲಿಯನ್ನು ಅವಳು ನೆನಪಿಟ್ಟುಕೊಂಡಿದ್ದಳು, ಗಾಡಿಯನ್ನು ಮರೆತಿದ್ದಳು.

ಇನ್ನೊಂದು ಸಲ ಹೀಗಾದರೆ ಸೂಜಿ ಚುಚ್ಚಿ ನೋವಿಲ್ಲದೆ ಕಳಿಸಿಕೊಡುವುದೊಂದೇ ದಾರಿ ಎಂದು ಹೇಳಿ ವೈದ್ಯೆ ಹೊರಟುಹೋದಳು.

"ಕೈಯಾರೆ ಕೊಲ್ತಾ ಇದ್ನಲ್ರೀ," ಎಂದು ಹೊನ್ನಮ್ಮ ಕಾರಿನಲ್ಲಿ ಕೂತು ಅತ್ತಳು. ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುತ್ತಿದ್ದ ಪ್ರತಾಪ ಅಂದು ಅವಳ ಕೈಯಿಂದ ಕೀಲಿ ತೆಗೆದುಕೊಂಡು ತಾನೇ ಕಾರು ಓಡಿಸಿದ.

ಅಲ್ಲಿಂದ ಮುಂದೆ ತೂಗಿದ ಒಣಹುಲ್ಲು ಮಾತ್ರ, ಅದೂ ಒಳಗಿನ ಸಿಹಿ ಬಿಟ್ಟುಹೋಗುವಂತೆ ನೀರಿನಲ್ಲಿ ನೆನೆಸಿದ್ದು. ಆ ಕೆಲಸವನ್ನು ಹೊನ್ನಮ್ಮ ಯಾರಿಗೂ ಬಿಡಲಿಲ್ಲ. ಹುಲ್ಲು ನೆನೆಸಿ ಹಿಂಡುವುದು ಕಷ್ಟವಾಗಿರಲಿಲ್ಲ. ತಿಂದು ಮುಗಿಸಿದ ಡೈಸಿ ಇನ್ನೂ ಬೇಕೆಂದು ಕೆನೆದಾಗ ಎದುರಿಗೆ ಸುಮ್ಮನೆ ನಿಲ್ಲುವುದು ಕಷ್ಟ. ಮಕ್ಕಳನ್ನು ಅರೆಹೊಟ್ಟೆಯಲ್ಲಿ ಮಲಗಿಸುವ ತಾಯಂದಿರ ಸಂಕಟ ಅವಳಿಗೆ ಆಗ ತಿಳಿಯಿತು.

ಭಾನುವಾರ ಕುದುರೆ ನೋಡಲು ಬರುವವರಲ್ಲಿ ಒಬ್ಬರಾದ, ಹತ್ತಿರದ ಊರು ಫ್ಲೂಗರ್‌ವಿಲ್‌ನ ಲೀಲಾವತಿ ಆಂಟಿ ಎಂದಿನಂತೆ ಬಾಳೆಹಣ್ಣು ಹಿಡಿದು ಬಂದರು.

"ಒಂದು ಬಾಳೆಹಣ್ಣಿಗೆ ಏನಾಗುತ್ತೆ ಹೊನ್ನಮ್ಮಾ?"

"ಬೇಡ ಆಂಟಿ. ದಯವಿಟ್ಟು ಕೊಡಬೇಡಿ."

ಬೇರೆಯವರು ಕೊಡುವ ತುತ್ತಿಗೆ ಅವಳು ಅಡ್ಡ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಆಂಟಿ ಮುಖ ಊದಿಸಿಕೊಂಡು ಹೋದರು. ಹೊನ್ನಮ್ಮನಿಗೆ ನಾಚಿಕೆಯಾಯಿತು, ಆದರೂ ಹಿಂದೆ ಕರೆಯಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಡೈಸಿಯ ತೂಕ ಇಳಿಯಿತು. ಬೆಚ್ಚುವುದು, ಕಚ್ಚುವುದು ನಿಂತಿತು. ತನ್ವಿ ಬ್ರಷ್ ಹಾಕುವಾಗ ಕಣ್ಣು ಅರೆಮುಚ್ಚಿ ನಿಲ್ಲುವ ಹಳೆಯ ಅಭ್ಯಾಸ ಮರಳಿತು. ಇನ್ನು ಬಯಲಿಗೆ ಬಿಡಬಹುದು ಎಂದಳು ವೈದ್ಯೆ, ಆದರೆ ಬಾಯಿಗೆ ಕುಕ್ಕೆ ಕಟ್ಟಿ ಮಾತ್ರ. ಮಳೆ ಬಿದ್ದು ಚಿಗುರಿದ ಹುಲ್ಲು ಅದಕ್ಕೆ ಹುರುಳಿಯಷ್ಟೇ ಅಪಾಯ. ಕುಕ್ಕೆಯ ತಳದ ಸಣ್ಣ ತೂತಿನಿಂದ ಒಂದೊಂದೇ ಎಸಳು ಸಿಕ್ಕಿದರೆ ಸಾಕು.

ತಾನೇ ಕಟ್ಟುತ್ತೇನೆ ಎಂದು ಕ್ಯಾರಲ್ ಕೈ ಚಾಚಿದಳು. ಬೇಡ, ನನ್ನ ಕುದುರೆಗೆ ನಾನೇ ಕಟ್ಟಬೇಕು ಎಂದು ಹೊನ್ನಮ್ಮ ಕುಕ್ಕೆ ಹಿಡಿದು ಒಳಗೆ ಹೋದಳು.

ಅವಳ ಕೈಯಲ್ಲಿ ಏನೋ ಇದ್ದದ್ದು ಡೈಸಿಗೆ ಕಾಣಿಸಿತು. ಕಿವಿ ನಿಮಿರಿಸಿ ಸರಸರನೆ ಹತ್ತಿರ ಬಂತು. ಹೊನ್ನಮ್ಮನ ಕೈಯಿಂದ ತಿನ್ನುವ ವಸ್ತುವಲ್ಲದೆ ಬೇರೆ ಏನೂ ಅದಕ್ಕೆ ಎಂದೂ ಬಂದಿರಲಿಲ್ಲ. ಕಟ್ಟುವ ಮೊದಲೇ ತಾನಾಗಿ ಕುಕ್ಕೆಯೊಳಗೆ ಮೂತಿ ಇಟ್ಟು, ತಳದವರೆಗೆ ತುಟಿಯಾಡಿಸಿ ಹುಡುಕಿತು. ಏನೂ ಸಿಗಲಿಲ್ಲ. ಮೂತಿ ಹಿಂದಕ್ಕೆ ತೆಗೆಯಲೂ ಇಲ್ಲ, ಕೊಟ್ಟಾಳೆಂದು ಕಾಯುತ್ತಾ ಹಾಗೇ ನಿಂತಿತು.

ಹೊನ್ನಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕಿವಿಯ ಹಿಂದೆ ಪಟ್ಟಿ ಬಿಗಿದು, ಬಯಲಿನ ಗೇಟು ತೆಗೆದಳು.