ನಾಲ್ಕು ಗಂಟಿನ ಕೀಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಪುಣ್ಯಾತ್ಮರು ಮನೆ ಮಾರಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೂ ಉದ್ದ ಇರುತ್ತಿತ್ತು ಅನ್ನೋದು ಗೊಂಚಲಕ್ಕನ ಅಭಿಪ್ರಾಯ. ಇಪ್ಪತ್ತಾರು ವರ್ಷದಿಂದ ಆಕೆ ಮನೆ ಬ್ರೋಕರ್. ಸೊಂಟದಲ್ಲಿ ಸದಾ ಮೂವತ್ತು ನಲವತ್ತು ಕೀಲಿ. ಆ ಸದ್ದಿಗೇ ಜನ ಆಕೆಗೆ ಗೊಂಚಲಕ್ಕ ಅಂತ ಹೆಸರಿಟ್ಟರು. ಕೀಲಿಗೆ ಚೀಟಿ ಅಂಟಿಸುವ ಪೈಕಿಯಲ್ಲ ಆಕೆ. ಕಟ್ಟಡಕ್ಕೊಂದು ಬಣ್ಣದ ದಾರ, ಎಷ್ಟನೇ ಮಹಡಿಯೋ ಅಷ್ಟು ಗಂಟು. ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಮನೆ ಹೇಳಿಬಿಡುತ್ತಿದ್ದಳು.

ಅಂಥವಳ ಗೊಂಚಲಿಗೇ ಒಂದು ಜೋಡಿ ಕುತ್ತು ತಂದಿತು. ಹೊಸದಾಗಿ ಸಂಸಾರ ಹೂಡಿದ ಗಂಡ ಹೆಂಡತಿ. ಹೆಂಡತಿಯ ಫೋನಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿ. ಗಂಡನ ಜೇಬಲ್ಲಿ ಗೋಡೆ ಅಳೆಯುವ ಲೇಸರ್, ನೀರು ಪರೀಕ್ಷಿಸುವ ಕಡ್ಡಿ. ಇಪ್ಪತ್ತೆರಡು ಮನೆ ನೋಡಿದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ಗೊಂಚಲಕ್ಕ ಕಂಡಿದ್ದಳು. ಇವರು ಕಲ್ಲಿನ ತೂಕವನ್ನೂ ಕೇಳುವವರು. ಆಕೆ "ಗಾಳಿ ನೋಡಿ, ಬೆಳಕು ನೋಡಿ" ಅಂತ ಹೊಗಳಿದಷ್ಟೂ ಹೆಂಡತಿಯ ಹುಬ್ಬು ಮೇಲೇರುತ್ತಿತ್ತು. ಪ್ರತಿ ಸಲವೂ ಒಂದೇ ಮಾತು: "ಯೋಚನೆ ಮಾಡಿ ಹೇಳ್ತೀವಿ."

ಆಫೀಸು ನಡೆಸುತ್ತಿದ್ದವನು ಗೊಂಚಲಕ್ಕನ ಅಣ್ಣನ ಮಗ. "ಅತ್ತೆ, ಕಾಲ ಬದಲಾಗಿದೆ. ಇವರೂ ಕೈ ತಪ್ಪಿದರೆ ಗೊಂಚಲು ನಂಗೆ ಕೊಟ್ಟುಬಿಡಿ. ನೀವು ಇಲ್ಲೇ ಕೂತು ಫೋನ್ ಎತ್ತಿದ್ರೆ ಸಾಕು," ಅಂದ. ಪ್ರೀತಿಯಿಂದಲೇ ಅಂದ, ಅದಕ್ಕೇ ಇನ್ನೂ ಉರಿಯಿತು. ಬಾಗಿಲು ತೆಗೆದು "ಒಳಗೆ ಬನ್ನಿ" ಅನ್ನೋದು ಬಿಟ್ಟರೆ ಆಕೆಗೆ ಬೇರೆ ಹುಚ್ಚೇ ಇರಲಿಲ್ಲ.

ಇಪ್ಪತ್ತಮೂರನೆಯದು ಹಿಂದಿನ ದಿನವಷ್ಟೇ ಕೈಗೆ ಬಂದ ಮನೆ, ಆಕೆಯೂ ನೋಡಿರಲಿಲ್ಲ. ಹಸಿರು ದಾರ ಮುಟ್ಟಿದಳು: ಮೂರು ಗಂಟು. ಮೂರನೇ ಮಹಡಿಗೆ ಹೋಗಿ ಕೀಲಿ ತೂರಿಸಿದರೆ ತಿರುಗಲೊಲ್ಲದು. ಅಷ್ಟರಲ್ಲಿ ಒಳಗಿಂದಲೇ ಬಾಗಿಲು ತೆರೆಯಿತು. ಬಿಳಿಗೂದಲಿನ ಹೆಂಗಸೊಬ್ಬರು ಲೇಸರ್ ನೋಡಿ ಮುಖ ಅರಳಿಸಿದರು.

"ಅಂತೂ ಬಂದ್ರಲ್ಲ. ಚಪ್ಪಲಿ ಬಿಟ್ಟು ಬನ್ನಿ, ಎಲ್ಲ ತೋರಿಸ್ತೀನಿ."

ಮಾಲೀಕರ ಕಡೆಯವರಿರಬೇಕು ಅಂದುಕೊಂಡಳು ಗೊಂಚಲಕ್ಕ. ಆಕೆ ಬಾಯಿ ತೆರೆಯುವ ಮೊದಲೇ ಅವರು ಶುರು ಹಚ್ಚಿಕೊಂಡರು. "ಈ ನಲ್ಲಿ ಬೆಳಿಗ್ಗೆ ಆರಕ್ಕೆ ಕೆಮ್ಮುತ್ತೆ. ಬಚ್ಚಲ ಇಳಿಜಾರು ಉಲ್ಟಾ, ನೀರು ಬಾಗಿಲಿಗೇ ಬರುತ್ತೆ. ಬೇಸಿಗೇಲಿ ಈ ಗೋಡೆಗೆ ಒರಗಿದರೆ ಬೆನ್ನು ಸುಡುತ್ತೆ. ಬರ್ಕೊಳ್ಳಿ."

ಗೊಂಚಲಕ್ಕ ಕೆಮ್ಮಿದಳು, ಕಣ್ಸನ್ನೆ ಮಾಡಿದಳು. ಊಹೂಂ. ಮುಗೀತು ನನ್ನ ಕಥೆ ಅಂತ ಗೊಂಚಲನ್ನು ಸೆರಗಲ್ಲಿ ಬಿಗಿಯಾಗಿ ಹಿಡಿದಳು. ಆದರೆ ಗಂಡನ ಲೇಸರ್ ತೋರಿಸಿದ ಅಳತೆಯೂ ಅವರು ಬಾಯಲ್ಲೇ ಹೇಳಿದ ಅಳತೆಯೂ ಅಂಗುಲ ತಪ್ಪಲಿಲ್ಲ. ಕೇಳುವ ಮೊದಲೇ ನಿಜ ಹೇಳುವ ಮನೆ ಸಿಕ್ಕಿತೆಂದು ಹೆಂಡತಿ ನಲವತ್ತು ಪ್ರಶ್ನೆಯ ಫೋನನ್ನು ಚೀಲಕ್ಕೆ ಹಾಕಿದಳು.

"ಅಕ್ಕಾ, ಇಂಥ ಮನೆ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಇದನ್ನೇ ತಗೋತೀವಿ."

"ತಗೊಂಡ್ರೆ ನಾನೆಲ್ಲಿಗೆ ಹೋಗ್ಲಿ?" ಅಂದರು ಬಿಳಿಗೂದಲಿನವರು.

ಆಮೇಲೆ ತಿಳಿಯಿತು: ಅವರು ನಿವೃತ್ತ ಹೆಡ್‌ಮಿಸ್ಸು. ಕಟ್ಟಡದ ದೋಷಗಳ ಮೇಲೆ ನಿವಾಸಿಗಳ ಸಂಘಕ್ಕೆ ಹನ್ನೊಂದು ಪತ್ರ ಬರೆದು, ತಪಾಸಣೆಯವರಿಗಾಗಿ ಕಾಯುತ್ತಿದ್ದವರು. ಗೊಂಚಲಕ್ಕ ಹಸಿರು ದಾರ ಕಣ್ಣ ಹತ್ತಿರ ತಂದಳು. ನಾಲ್ಕನೇ ಗಂಟು ಬಿಚ್ಚಿಹೋಗಿ ಸುಕ್ಕು ಮಾತ್ರ ಉಳಿದಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ತಪ್ಪು, ಅದೂ ಇವರ ಮುಂದೆ. ನಾಚಿಕೆಯಿಂದ ಆಕೆಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮೊದಲು ಕಿಸಕ್ಕೆಂದದ್ದು ಹೆಂಡತಿ. ಗಂಡ ಗೋಡೆ ಹಿಡಿದು ನಕ್ಕ. ಹೆಡ್‌ಮಿಸ್ಸು ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡರು. ಗೊಂಚಲಕ್ಕ ನಕ್ಕ ರಭಸಕ್ಕೆ ಸೊಂಟದ ಕೀಲಿಗಳೆಲ್ಲ ಜತೆಗೂಡಿದವು.

"ಅಂದ್ರೆ ನನ್ನ ತಲೆ ಮೇಲಿನ ಮನೆಗೆ ಬರೋರು ನೀವು," ಅಂತ ಹೆಡ್‌ಮಿಸ್ಸು ಕಣ್ಣೊರೆಸಿಕೊಂಡರು. "ಕೂತ್ಕೊಳ್ಳಿ. ಕುರ್ಚಿ ಎಳೀತೀರೋ, ಎತ್ತಿ ಇಡ್ತೀರೋ?"

"ಎತ್ತಿ ಇಡ್ತೀವಿ ಮೇಡಂ," ಅಂದ ಗಂಡ, ತಟ್ಟನೆ ನೆಟ್ಟಗೆ ಕೂತು.

"ಇವರು ಎಳೀತಾರೆ ಮೇಡಂ. ನಾನು ಕಲಿಸ್ತೀನಿ," ಅಂದಳು ಹೆಂಡತಿ.

"ಬೆಳಿಗ್ಗೆ ಐದಕ್ಕೇ ಮಿಕ್ಸಿ?"

"ಇಲ್ಲ ಮೇಡಂ, ಎಂಟರ ಮೇಲೇ."

ಇಪ್ಪತ್ತೆರಡು ಮನೆಗಳನ್ನು ಫೇಲು ಮಾಡಿದವರು ಈಗ ತಾವೇ ಪರೀಕ್ಷೆಗೆ ಕೂತಿದ್ದರು, ಲೇಸರ್ ಜೇಬು ಸೇರಿತ್ತು. ಗೊಂಚಲಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

"ನಾವು ಪಾಸಾ ಮೇಡಂ?" ಹೆಂಡತಿ ಕೇಳಿಯೇಬಿಟ್ಟಳು.

"ಯೋಚನೆ ಮಾಡಿ ಹೇಳ್ತೀನಿ," ಅಂದರು ಹೆಡ್‌ಮಿಸ್ಸು.

ನಾಲ್ಕೂ ಜನ ಮೇಲೆ ಹತ್ತಿದರು. ಕೀಲಿ ಸಲೀಸಾಗಿ ತಿರುಗಿತು. ಅದೇ ಅಡುಗೆಮನೆ, ಅದೇ ಬಚ್ಚಲು. ಗೊಂಚಲಕ್ಕ ಹುಟ್ಟಿದ ಮೇಲೆ ಮೊದಲ ಸಲ ಹೊಗಳಲಿಲ್ಲ. ನಲ್ಲಿ ತಿರುಗಿಸಿ, "ಇದೂ ಕೆಮ್ಮುತ್ತೆ," ಅಂದಳು. ಗಂಡ ಹೆಂಡತಿ ಹೆಡ್‌ಮಿಸ್ಸಿನ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಇಬ್ಬರೂ ಹೂಂ ಅಂದರು.

ಸಂಜೆ ಆಫೀಸಿಗೆ ಬಂದಾಗ ಅಣ್ಣನ ಮಗ ಆಗಲೇ ಕೈ ಚಾಚಿ ನಿಂತಿದ್ದ. ಗೊಂಚಲಕ್ಕ ಹಸಿರು ದಾರದ ಒಂದೇ ಒಂದು ಕೀಲಿ ಬಿಚ್ಚಿ ಆ ಕೈಗಿಟ್ಟಳು.

"ಇದು ಮುಗೀತು. ಕಾಗದಪತ್ರ ನೀನು ನೋಡ್ಕೋ. ಉಳಿದ ಕೀಲಿ ನನ್ನ ಹತ್ರಾನೇ ಇರ್ಲಿ."

ಅವನಿಗೆ ನಂಬಿಕೆ ಬರಲಿಲ್ಲ. "ಅವರು ಒಪ್ಪಿದ್ರಾ? ಅಂಥಾದ್ದು ಯಾವ ಮನೆ ತೋರಿಸಿದ್ರಿ ಅತ್ತೆ?"

"ತಪ್ಪು ಮನೆ," ಅಂದಳು ಗೊಂಚಲಕ್ಕ.