ಓರ್ತೆನ್ಸಿಯಾಳ ಸವತಿ

ಪಕ್ಕದ ಮನೆಯ ಓರ್ತೆನ್ಸಿಯಾ ತನ್ನ ಗಂಡನ ಕೋವಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. ಸುಳ್ಳೇನಲ್ಲ. ಬೇಟೆಯ ಕಾಲ ಬಂತೆಂದರೆ ಬೋರ್ತೊಲೊ ಭಾನುವಾರ ಚರ್ಚಿಗೂ ಇಲ್ಲ, ಊಟಕ್ಕೂ ಇಲ್ಲ. ಸಂಜೆ ಕೆಸರು ಬೂಟಿನಲ್ಲಿ ಬಂದು ಹಕ್ಕಿಗಳನ್ನು ಮೇಜಿನ ಮೇಲೆ ಸುರಿದರೆ ಪುಕ್ಕ ಕೀಳುವವಳು ಇವಳು. ನಮ್ಮ ಕಣಿವೆಯ ಗಂಡಸರ ಹಣೆಬರಹವೇ ಅಷ್ಟು. ಕೋವಿ ಮಾಡುವವರೂ ಅವರೇ, ಅದಕ್ಕೆ ಮರುಳಾಗುವವರೂ ಅವರೇ.

ಇವಳೂ ಕೋವಿ ಕಾರ್ಖಾನೆಯವಳು. ಕೈ ಜಾರದಂತೆ ಕೋವಿಯ ಹಿಡಿಗೆ ಅಡ್ಡಗೆರೆ ಕೊರೆದು ಕೊರೆದು ಕಣ್ಣು ಮಂಜು ಮಾಡಿಕೊಂಡವಳು. ಮಕ್ಕಳಾಗಲಿಲ್ಲ. ಇದ್ದದ್ದು ಗಂಡ, ನಾಯಿ, ಆ ಸವತಿ. ಯಾರೋ ವಕೀಲ ಬಳಸಿ ಬಿಟ್ಟದ್ದನ್ನು ಬೋರ್ತೊಲೊ ಮದುವೆಯ ವರ್ಷವೇ ಕೊಂಡಿದ್ದ. ಒಂದು ತೋಟಾ ಹಾರಿದರೆ ಮುಂದಿನದು ತಾನಾಗಿ ಬಂದು ಕೂರುತ್ತಿತ್ತು. ಉಕ್ಕಿನ ಮೇಲೆ ಪೊದೆಯಿಂದೇಳುವ ಉದ್ದ ಕೊಕ್ಕಿನ ಹಕ್ಕಿಯ ಕೆತ್ತನೆ; ಹಿಂಬದಿಯ ಹಿಡಿ ಆಕ್ರೋಟು ಮರದ್ದು. ಗುರಿ ಹಿಡಿಯುವಾಗ ಅವನು ಕೆನ್ನೆ ಒತ್ತುತ್ತಿದ್ದ ಕಡೆ ಮರದ ಬಣ್ಣ ಹೋಗಿ, ಅಂಗೈಯಷ್ಟು ಜಾಗ ಕಪ್ಪಗೆ ನುಣುಪಾಗಿತ್ತು.

ಫೆಬ್ರವರಿಯಲ್ಲಿ ಬೋರ್ತೊಲೊ ಎದೆನೋವು ಬಂದು ಹೋಗಿಬಿಟ್ಟ. ಪರವಾನಗಿ ಇಲ್ಲದವರ ಮನೆಯಲ್ಲಿ ಕೋವಿ ಇರಕೂಡದು ಎಂದು ಪೊಲೀಸರು ಅದನ್ನು ಅವನ ತಮ್ಮ ಫಾವುಸ್ತಿನೊನ ಅಂಗಡಿಗೆ ಕಳಿಸಿದರು. ಅವನು ಕೋವಿ ರಿಪೇರಿ ಮಾಡುವವನು. ಪೀಡೆ ತೊಲಗಿತು ಎನ್ನುತ್ತಾಳೆ ಎಂದುಕೊಂಡಿದ್ದೆವು. ಇವಳು ನೋಡಿದರೆ ಅದು ಮನೆಗೆ ಬೇಕೆಂದು ಹಟ ಹಿಡಿದಳು. ಧೂಳು ಒರೆಸುವ ನೆಪದಲ್ಲಿ ಅಂಗಡಿಗೆ ಹೋಗಿ ಆ ಕಪ್ಪು ಜಾಗದ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದಳಂತೆ. ನನ್ನೊಬ್ಬಳಿಗೇ ಹೇಳಿದಳು. ಮೈದುನನಿಗೂ ಹೇಳೇ ಎಂದೆ.

“ಜೀವಮಾನವೆಲ್ಲ ಶಾಪ ಹಾಕಿದೋಳು, ಈಗ ಯಾವ ಬಾಯಲ್ಲಿ ಹೇಳ್ಲಿ?” ಎಂದಳು.

ಪರವಾನಗಿಗೆಂದು ವೈದ್ಯರ ಚೀಟಿ, ಕಚೇರಿಯ ಮೆಟ್ಟಿಲು, ಎಲ್ಲ ಆಯಿತು. ಅಜ್ಜಿ ಬೇಟೆಗೆ ಹೊರಟಳೋ ಎಂದು ಗುಮಾಸ್ತ ನಕ್ಕನಂತೆ. ಅವನ ನಗು ಮಣ್ಣುಪಾಲಾಗಲಿ. ಬೇಸಿಗೆ ಮುಗಿಯುವಾಗ ಅಪ್ಪಣೆ ಬಂತು. ತಲೆ ಬಾಚಿ, ಒಳ್ಳೆಯ ಕೋಟು ಹಾಕಿಕೊಂಡು ನನ್ನನ್ನೂ ಎಳೆದುಕೊಂಡು ಹೊರಟಳು.

ಫಾವುಸ್ತಿನೊ ಹಬ್ಬದ ಮುಖ ಮಾಡಿಕೊಂಡು ಕಾದಿದ್ದ. ಕೋವಿ ಮೇಜಿನ ಮೇಲಿತ್ತು. ಅತ್ತಿಗೆಯ ಮನೆಗೆ ಹೋಗುವ ವಸ್ತು, ಅಣ್ಣನ ನೆನಪು ಎಂದು ಪಾಪ, ವಾರವಿಡೀ ಅದರ ಮುಂದೆ ಕೂತಿದ್ದನಂತೆ.

“ನೋಡಿ ಅತ್ತಿಗೆ. ಪೂರ್ತಿ ಉಜ್ಜಿ, ಎಣ್ಣೆ ಕುಡಿಸಿ ಹೊಸದು ಮಾಡಿದೀನಿ. ಗುರುತೇ ಸಿಗಲ್ಲ, ಅಲ್ವಾ?”

ಮರ ತುದಿಯಿಂದ ತುದಿಯವರೆಗೆ ಒಂದೇ ಜೇನಿನ ಬಣ್ಣಕ್ಕೆ ತಿರುಗಿತ್ತು. ಓರ್ತೆನ್ಸಿಯಾ ಕನ್ನಡಕ ತೆಗೆದು, ಕಣ್ಣು ಮುಚ್ಚಿ ಬೆರಳಾಡಿಸಿದಳು. ಮತ್ತೆ ಆಡಿಸಿದಳು. ಫಾವುಸ್ತಿನೊನ ಬೆರಳ ತುದಿಗಳು ಉಜ್ಜಿ ಉಜ್ಜಿ ಸುಲಿದಿದ್ದವು. ಅವಳು ಕನ್ನಡಕ ಹಾಕಿಕೊಂಡು ಅದನ್ನೂ ನೋಡಿದಳು.

“ಸಿಗಲ್ಲಪ್ಪ,” ಎಂದಳು. “ತುಂಬ ಚೆನ್ನಾಗಿ ಮಾಡಿದೀಯ.”

ಆಮೇಲೆ, ಮನೆಯಲ್ಲಿ ಸುಮ್ಮನೆ ಬಿದ್ದಿರುವುದೇಕೆ, ಬೇಟೆಯಾಡುವ ಹುಡುಗ ಯಾರಾದರೂ ಸಿಕ್ಕರೆ ಕೊಟ್ಟುಬಿಡು ಎಂದಳು. ಹೆಂಗಸರ ಸವತಿಮತ್ಸರ ಸತ್ತರೂ ಹೋಗುವುದಿಲ್ಲ ಎಂದು ಫಾವುಸ್ತಿನೊ ಇವತ್ತಿಗೂ ಊರಲ್ಲಿ ಹೇಳಿಕೊಂಡು ತಿರುಗುತ್ತಾನೆ. ಅವನ ಬಾಯಿ ಮುಚ್ಚಿಸಬೇಕೆಂದು ನಾನು ಎದ್ದಾಗಲೆಲ್ಲ ಇವಳು ನನ್ನ ಕೈ ಹಿಡಿದು ಕೂರಿಸುತ್ತಾಳೆ.

ಆ ದಿನ ಸೇತುವೆಯವರೆಗೆ ಬರಿಗೈಯಲ್ಲಿ ನಡೆದಳು. ಅಲ್ಲಿ ಕಟ್ಟೆಯ ಮೇಲೆ ಕುಸಿದು ಕೂತು, ಸಮಾಧಿಯ ಬಳಿಯೂ ಅಳದ ಹಾಗೆ ಅತ್ತಳು.

“ನನ್ನ ಪಾಲಿಗೆ ಅವರು ಇವತ್ತು ಬೆಳಗ್ಗೆವರೆಗೂ ಇದ್ರು ಕಣೇ,” ಎಂದಳು.