ತಮ್ಮನ ಚಿತ್ರಕ್ಕೆ ನಾನು ಸೇರಿಸಿದ ಆನೆ

ನನ್ನ ತಮ್ಮ ಹತ್ತು ವರ್ಷ ಆನೆ ಬರೆದ. ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವವರಿಗೆ ಒಂದಾದರೂ ಆನೆ ಕಾಣಬೇಕು; ಕಾಡಿನಲ್ಲಿ ಸಿಗದಿದ್ದರೆ ಊಟಕ್ಕೆ ಕೂತಲ್ಲಿ ಗೋಡೆಯ ಮೇಲಾದರೂ. ಹೋಟೆಲಿನವರು, ರೆಸಾರ್ಟಿನವರು ಬೇಗೂರಿನ ನಮ್ಮ ಮನೆಗೇ ಬಂದು ಚಿತ್ರ ಒಯ್ಯುತ್ತಿದ್ದರು. ಆಗ ನಾನು ಕಲಾವಿದನ ಅಕ್ಕ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇನು ಕಮ್ಮಿ ಪದವಿಯಲ್ಲ.

ಒಮ್ಮೆ ಪುಣಜನೂರಿನ ಕಾಡಿನ ಕಡೆ ಹೋಗಿ ಬಂದವನು ಆನೆ ಬರೆಯುವುದನ್ನೇ ನಿಲ್ಲಿಸಿದ. ಆಮೇಲೆ ಮರ, ಗುಡ್ಡ, ಕೊನೆಗೆ ಹುಲ್ಲೂ ಹೋಯಿತು. ಆಳೆತ್ತರದ ಕ್ಯಾನ್ವಾಸಿನ ತುಂಬ ಬೂದಿ ಬಣ್ಣ, ನಡುವೆ ಕೆಮ್ಮಣ್ಣಿನಂಥ ಒಂದು ಅಗಲವಾದ ಪಟ್ಟೆ. ಮೂರು ತಿಂಗಳು ಅದೊಂದೇ ಕೆಲಸ. ಏನಿದು ಅಂತ ಕೇಳಿದೆ.

"ಆನೆ ಒಂಟೋದ್ಮೇಲೆ ಉಳ್ಕತದಲ್ಲಕ್ಕ, ಅದು ಕಣ" ಅಂದ. ಮೈಸೂರಿನ ಪ್ರದರ್ಶನಕ್ಕೆ ಇದನ್ನೇ ಕಳಿಸುತ್ತೇನೆ ಎಂದೂ ಹೇಳಿದ.

ಈ ಮಾತನ್ನು ನಾನು ಸಂಘದ ಹೆಂಗಸರ ಮುಂದೆ ಅಣಕಿಸಿ ನಗಿಸಿದೆ. ಅವರು ನೋಡಲು ಬಂದರು.

"ಪ್ರೈಮರ್ ಒಡ್ದು ಅರ್ಧುಕ್ಕೇ ಬುಟ್ಟವ್ನಲ್ಲ ಕಣಮ್ಮಿ, ಬಣ್ಣ ಸಾಲ್ದೆ ಓಯ್ತಾ?" ಅಂದಳು ಪಕ್ಕದ ಮನೆಯವಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಅವನು ಅಳತೆ ಹಿಡಿದು ಚೌಕಟ್ಟು ಮಾಡಿಸಲು ಚಾಮರಾಜನಗರಕ್ಕೆ ಹೋದ ದಿನ, ಅವನು ಆನೆ ಬಿಟ್ಟದ್ದು ತಿಳಿಯದೆ ಎಂದಿನಂತೆ ಆನೆ ಒಯ್ಯಲು ರೆಸಾರ್ಟಿನ ವ್ಯಾನು ಬಂತು. ಮ್ಯಾನೇಜರು ಕ್ಯಾನ್ವಾಸನ್ನು ಹಿಂದೆ ಮುಂದೆ ನೋಡಿ, ಆನೆ ಎಲ್ಲಿ ಅಂದ. ತಮ್ಮನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಸ್ವಲ್ಪ ಕೆಲಸ ಬಾಕಿ ಇದೆ, ಸಂಜೆಗೆ ಬನ್ನಿ ಅಂದೆ. ಮನೆಯ ಮಾನ ಹೋಗಬಾರದಲ್ಲ.

ನನಗೆ ಬರುವುದು ರಂಗೋಲಿ ಆನೆ ಮಾತ್ರ. ಬಿಳಿ ಬಣ್ಣದಲ್ಲಿ ಚುಕ್ಕಿ ಇಟ್ಟೆ, ಗೆರೆ ಕೂಡಿಸಿದೆ, ಸೊಂಡಿಲಿಗೆ ಒಂದು ಕಮಲವನ್ನೂ ಕೊಟ್ಟೆ. ಆ ಕೆಂಪು ಪಟ್ಟೆಯ ಮೇಲೆಯೇ ನಿಲ್ಲಿಸಿದೆ. ಮ್ಯಾನೇಜರು ಹೊಸ ಸ್ಟೈಲು ಎಂದು ಹೊಗಳಿ ಹೊರಿಸಿಕೊಂಡು ಹೋದ. ನನಗೆ ಹೆಮ್ಮೆಯೇ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ.

ತಮ್ಮ ಬೈಯಲಿಲ್ಲ. ರೆಸಾರ್ಟಿಗೆ ಹೋಗಿ ನೋಡಿಕೊಂಡು ಬಂದ. ಊಟದ ಕೋಣೆಯಲ್ಲಿ ತೂಗುಹಾಕಿದ್ದಾರಂತೆ, ಕೆಳಗೆ ಅವನ ಹೆಸರಿನ ಫಲಕ. ಬಂದವರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ.

"ಇನ್ನೂ ಮೂರು ಬೇಕಂತೆ ಕಣಕ್ಕ. ನೀನೇ ಬರ್ಕೊಡು" ಅಂದ.

ಆಗಲಾದರೂ ನಾನು ಅಳಬೇಕಿತ್ತು. ದೊಡ್ಡದಾ ಚಿಕ್ಕದಾ ಅಂತ ಕೇಳಿದೆ. ಮೂರನ್ನೂ ಬರೆದುಕೊಟ್ಟೆ.

ಮೈಸೂರಿಗೆ ಏನೂ ಹೋಗಲಿಲ್ಲ. ಅವನು ಈಗಲೂ ಬಾಗಿಲು ಹಾಕಿಕೊಂಡು ಬರೆಯುತ್ತಾನೆ. ಸಹಿ ಮಾತ್ರ ಹಾಕುವುದಿಲ್ಲ. ಆ ಹೆಸರಲ್ಲಿ ಕೊನೆಗೆ ಹೋದ ಆನೆಗಳು ನಾಲ್ಕು, ನಾಲ್ಕೂ ನನ್ನವು.